ಕುರಿಗಳು ಗುರುತಿಸದ ದನಿ

ನಾನು ಚಿಕ್ಕವನಿದ್ದಾಗ ಚಪಳಗಾಂವದಲ್ಲಿ ನಮ್ಮ ಕುರಿಹಿಂಡು ನನ್ನ ದನಿಗೆ ಓಡಿ ಬರುತ್ತಿತ್ತು. ಹಳ್ಳದ ದಂಡೆಯಲ್ಲಿ ನಿಂತು ತೆಳ್ಳನೆಯ ದನಿಯಲ್ಲಿ 'ಹುರ್ರ್ಯೋ' ಎಂದರೆ ಸಾಕು, ಜಾಲಿಗಿಡಗಳ ಆಚೆ ತಲೆಗಳು ಏಳುತ್ತಿದ್ದವು. ಯಾರ ದನಿಗೆ ಹಿಂಡು ಬರುತ್ತದೋ ಅವನು ಮುಂದೆ ನಡೆಯಬೇಕು, ಉಳಿದವರು ಹಿಂದೆ ಧೂಳು ಕುಡಿಯುತ್ತ ಬರಬೇಕು. ಇದು ನಮ್ಮ ಮನೆಯ ಪದ್ಧತಿ. ಹಾಗಾಗಿ ನಾನು ಮುಂದೆ, ಕಾಕಾನ ಮಗ ಹಿಂದೆ. ಅವನು ನನಗಿಂತ ಒಂದು ವರ್ಷ ಚಿಕ್ಕವನು, ತಮ್ಮ ಎನ್ನುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ, ಗೊಬ್ಬರಕ್ಕೆಂದು ಗೌಡರ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುವುದಿತ್ತು. ಸಂಜೆ ಗೌಡರೂ ಅಪ್ಪನೂ ಬದುವಿನ ಮೇಲೆ ಕೂತಿದ್ದರು. ನಾನು ಹಿಂಡನ್ನು ಕರೆಯಲು ಬಾಯಿ ತೆರೆದೆ. ದನಿ ನಡುವೆಯೇ ಮುರಿದು, ಅರ್ಧ ಕೀರಲಾಗಿ ಅರ್ಧ ಗೊಗ್ಗರಾಗಿ ಹೊರಬಿತ್ತು. ಇನ್ನೊಮ್ಮೆ ಕರೆದೆ. ಕುರಿಗಳು ಬೆದರಿ ದೂರ ಸರಿದವು. ಮರಿಯಿದ್ದಾಗ ನನ್ನ ಕೈಯಿಂದಲೇ ಹಾಲು ಕುಡಿದು ಬೆಳೆದ ಕರಿಕುರಿ ಕೂಡ ಸರಿಯಿತು!

ಆಗ ತಮ್ಮ ಕರೆದ. ಹಿಂಡೆಲ್ಲ ಅವನ ಬಳಿ ಓಡಿತು.

"ಕುರಿಗೂ ಗುರ್ತ ಸಿಗವಲ್ದು ನೋಡ್ರಿ ಗೌಡ್ರ! ಹುಂಜ ಆಗ್ಯಾನ ಇಂವ, ಹುಂಜ!" ಎಂದು ತಮ್ಮ ಕೂಗಿದ.

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಗಲಿಲ್ಲ. "ನಾಳಿಂದ ನೀ ಹಿಂದ ನಡಿ," ಎಂದ.

ದೃಷ್ಟಿ ತಾಗಿದೆ ಎಂದು ಅಜ್ಜಿ ನನ್ನ ಗಂಟಲಿಗೆ ನಮ್ಮ ಮನೆದೇವರು ಬೀರೋಬನ ಭಂಡಾರದ ಅರಿಶಿನ ಬಳಿದಳು. ಅದು ಅಂಗಿಗೆ ಇಳಿಯಿತೇ ಹೊರತು ದನಿ ಸರಿಯಾಗಲಿಲ್ಲ. ಮೂಗಿನ ಮೇಲೆ ಮೊಡವೆ, ಕಂಕುಳಲ್ಲಿ ಕೂದಲು, ಬೆವರಿಗೆ ಟಗರಿನ ನಾತ. ನನಗೇನೋ ಕೇಡಾಗಿದೆ ಎಂದುಕೊಂಡು ರೊಟ್ಟಿ ಬಿಟ್ಟೆ. ಕೊನೆಗೆ ಅಕ್ಕ ಪಕ್ಕದಲ್ಲಿ ಕೂತಳು.

"ದೃಷ್ಟಿ ಅಲ್ಲೋ ಹುಚ್ಚಪ್ಪಾ. ವಯಸ್ಸಿಗೆ ಬಂದಿ, ಆವಾಜ ಒಡದೈತಿ. ಎಲ್ಲಾ ಗಂಡಹುಡುಗರಿಗೂ ಹಿಂಗಽ ಆಗ್ತೈತಿ."

ಎಲ್ಲಾ ಗಂಡಹುಡುಗರಿಗೂ! ಅಂದರೆ ತಮ್ಮನಿಗೂ! ಅಂದು ಮೂರು ರೊಟ್ಟಿ ತಿಂದೆ.

ಅಪ್ಪ ಹೇಳಿದಂತೆ ನಾನು ಧೂಳು ಕುಡಿಯುತ್ತ ಹಿಂದೆ ನಡೆದೆ. ಅವನು ದಿನವೂ 'ಹುಂಜ' ಎಂದ. ಅವನಿಲ್ಲದ ಹೊತ್ತು ನೋಡಿ, ಅಂಗೈಯಲ್ಲಿ ಉಪ್ಪಿನ ಹರಳು ಹಿಡಿದು, ನನ್ನ ಹೊಸ ದಪ್ಪ ದನಿಯಲ್ಲಿ ಕರಿಕುರಿಯನ್ನು ಕರೆಯುತ್ತಿದ್ದೆ. ಅದು ಬಂತು. ಅದರ ಹಿಂದೆ ಉಳಿದವೂ ಬಂದವು. ಬೆಳಿಗ್ಗೆ ಎದ್ದರೆ ತಮ್ಮನ ಮೇಲ್ತುಟಿಯನ್ನೇ ನೋಡುತ್ತಿದ್ದೆ, ಒಕ್ಕಲಿಗ ಮೋಡ ನೋಡಿದ ಹಾಗೆ. ಅಲ್ಲಿ ಕಪ್ಪು ಕಾಣಿಸಿದ ದಿನ ನನಗೆ ಹಬ್ಬವಾಯಿತು.

ಮುಂದಿನ ಸುಗ್ಗಿಗೆ ಅದೇ ಹೊಲ, ಬದುವಿನ ಮೇಲೆ ಅದೇ ಗೌಡರು. ತಮ್ಮ ಮುಂದೆ ನಿಂತು ಕರೆದ. ದನಿ ಒಡೆಯಿತು! ಮತ್ತೆ ಕರೆದ, ಮತ್ತೆ ಒಡೆಯಿತು. ಕುರಿಗಳು ಅವನತ್ತ ತಿರುಗಲಿಲ್ಲ. ನಾನು ಆತುರಪಡಲಿಲ್ಲ, ಅವನ ಮುಖ ಕೆಂಪಾಗುವವರೆಗೂ ಕಾದೆ. ಆಮೇಲೆ ದಪ್ಪ ದನಿ ತೆಗೆದು ಒಮ್ಮೆ ಕರೆದೆ. ಇಡೀ ಹಿಂಡು ನನ್ನತ್ತ ನುಗ್ಗಿತು. ಮುಂದೆ ಬಂದ ಕರಿಕುರಿ ತಮ್ಮನ ಧೋತರದ ಅಂಚು ತುಳಿದು ಅವನನ್ನು ಹಿಕ್ಕೆಯಲ್ಲಿ ಕೆಡವಿತು.

ನಾನು ಗೌಡರ ಎದುರಿಗೇ ಬಗ್ಗಿ, ಅವನ ಕಿವಿಯ ಹತ್ತಿರ ಕೂಗಿದೆ: "ಕೊಕ್ಕೋ ಕ್ಕೋ! ಏಳೋ ಹುಂಜಾ, ಹಿಂದ ನಡಿ!"

ಹೋಳಿಗೆ ಕೂಡ ನನಗೆ ಎಂದೂ ಅಷ್ಟು ಸಿಹಿಯಾಗಿರಲಿಲ್ಲ. ಉಪ್ಪಿನ ಗುಟ್ಟನ್ನು ಅವನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಈಗ ಸೊಲ್ಲಾಪುರದ ಮನೆಯಲ್ಲಿರುವ ನನ್ನ ಮೊಮ್ಮಕ್ಕಳಿಗೆ ಭಂಡಾರ ಬೇಕಿಲ್ಲ. ಹಾರ್ಮೋನಿನಿಂದ ಗಂಟಲು ಬೆಳೆಯುತ್ತದೆ, ದನಿ ಒಡೆಯುತ್ತದೆ ಎಂದು ಪುಸ್ತಕದಲ್ಲೇ ಚಿತ್ರ ಸಮೇತ ಇದೆ. ದೊಡ್ಡ ಮೊಮ್ಮಗ ಅದನ್ನು ನನಗೆ ಗೊಗ್ಗರು ದನಿಯಲ್ಲಿ ಓದಿ ಹೇಳಿದ. ಚಿಕ್ಕವನು ಪಕ್ಕದಿಂದ, "ಅಣ್ಣಾ, ಕಪ್ಪಿ ಒದರಿದಂಗ ಓದ್ತಿ!" ಎಂದು ಬಿದ್ದು ಬಿದ್ದು ನಕ್ಕ. ದೊಡ್ಡವನು ಪುಸ್ತಕ ಮುಚ್ಚಿ, ತಮ್ಮನ ಮೇಲ್ತುಟಿಯನ್ನೇ ನೋಡುತ್ತ ಕೂತ.