ನಾಲ್ಕೂವರೆ ತೋಳಿನ ನಕ್ಷತ್ರಮೀನು

ಪ್ರಾಣಿಶಾಸ್ತ್ರದ ಪಾಠದ ನಡುವೆ ಇಂದುಮತಿ ಮೇಡಂ ತಟ್ಟನೆ ತುರುಬಿಗೆ ಕೈ ಹಾಕಿದರೆಂದರೆ ನಾವೆಲ್ಲ ಬೆಂಚು ಬಿಟ್ಟೆದ್ದು ಟ್ರೇ ಸುತ್ತ ಮುತ್ತಿಕೊಳ್ಳುತ್ತಿದ್ದೆವು. ತುರುಬಿನಿಂದ ಒಂದು ಕರಿ ಪಿನ್ನು ಹೊರಬರುತ್ತಿತ್ತು. ಕಾಲೇಜು ಕೊಟ್ಟ ಸೂಜಿ, ಚಿಮಟ, ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ನಾಜೂಕಿನ ಕೆಲಸಕ್ಕೆ ಅವರಿಗೆ ಆ ಪಿನ್ನೇ ಆಗಬೇಕು. ಅದರ ತುದಿಯಿಂದ ಬಸವನಹುಳುವಿನ ಬಾಯೊಳಗಿನ ಹಲ್ಲಿನ ಪಟ್ಟಿಯನ್ನು ಮೆಲ್ಲಗೆ ಎತ್ತಿ ಗಾಜಿನ ಮೇಲೆ ಹಾಸಿ, "ಬರ್ರಿ, ಮುಟ್ಟಿ ನೋಡ್ರಿ. ನಾಲಿಗಿ ಅನಬ್ಯಾಡ್ರಿ ಇದಕ್ಕ, ಕೊಬ್ಬರಿ ಹೆರೆಯೋ ಹೆರಮಣಿ ಇದು. ಪಾಚಿ ಹೆರಕೊಂಡು ತಿಂತದ ಪಾಪ" ಎನ್ನುತ್ತಿದ್ದರು.

ಆ ಪಿನ್ನಿಗೆ ಅವರ ಮನೆಯೊಳಗೆ ಪ್ರವೇಶವಿರಲಿಲ್ಲ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಅವರ ಮನೆಯಲ್ಲಿ ಮಡಿ-ಮೈಲಿಗೆ ಬಲು ಜೋರು. ಸೊಸೆ ಹುಳು ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆಂಬುದನ್ನು ಅತ್ತೆ ಹೇಗೋ ನುಂಗಿಕೊಂಡಿದ್ದರು. ಕೊಯ್ದ ಪಿನ್ನು ದೇವರಮನೆ ಇರುವ ಮನೆಗೆ ಬರುವುದನ್ನು ಮಾತ್ರ ಒಪ್ಪಿರಲಿಲ್ಲ. ಹಾಗಾಗಿ ಮೇಡಂ ಸಂಜೆ ಗೇಟಿನ ಹತ್ತಿರ ನಿಂತು, ಪಿನ್ನು ತೆಗೆದು ಕಂಪೌಂಡ್ ಗೋಡೆಯ ಎರಡು ಕಲ್ಲುಗಳ ಸಂದಿಯಲ್ಲಿ ಸಿಗಿಸಿ ಒಳಹೋಗುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಅಲ್ಲಿಂದಲೇ ತೆಗೆದು ತುರುಬಿಗೆ ಏರಿಸುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಇದು ತಪ್ಪಲಿಲ್ಲ. ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಲು ಹೋಗುವ ನಾವು ಮೊದಲು ಗೋಡೆ ನೋಡುತ್ತಿದ್ದೆವು. ಸಂದಿಯಲ್ಲಿ ಪಿನ್ನಿದ್ದರೆ ಮೇಡಂ ಮನೆಯಲ್ಲಿದ್ದಾರೆ. ಇಲ್ಲದಿದ್ದರೆ ಗೇಟು ಬಡಿಯುವುದು ದಂಡ.

ನಾನು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದವಳು. ನಮ್ಮೂರ ಕಡೆಯ ಹಳ್ಳದಲ್ಲಿ ನೀರಿನ ಬಸವನಹುಳು ಬೇಕಾದಷ್ಟು ಸಿಗುತ್ತವೆಂದು ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟೆ. ಅಂದಿನಿಂದ ಪ್ರಾಕ್ಟಿಕಲ್ ಕ್ಲಾಸಿಗೆ ಹುಳು ತರುವ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ನಮ್ಮಜ್ಜಿಗೆ ಇದು ಗೊತ್ತಾಗಿ, "ಬಸವಣ್ಣನ ಹೆಸರಿನ ಹುಳಾ ಅದು, ಕೊಯ್ದಿ ಅಂದ್ರ ಊಟಕ್ಕ ನನ್ನ ಬಾಜೂಕ ಕೂಡಬ್ಯಾಡ" ಎಂದು ತಾಕೀತು ಮಾಡಿದ್ದಳು. ಮೊದಲ ಸಲ ಕದ್ದುಮುಚ್ಚಿ ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಹತ್ತು ಹನ್ನೆರಡು ಹುಳು ತುಂಬಿಕೊಂಡು ಬಸ್ಸು ಹತ್ತಿದೆ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದದ್ದೇ ತಪ್ಪಾಯಿತು. ಎಚ್ಚರಾದಾಗ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಡಬ್ಬಿಯ ಮುಚ್ಚಳ ಸಡಿಲಾಗಿ, ಎರಡು ಹುಳು ಮುಂದಿನ ಸೀಟಿನ ಬೆನ್ನು ಏರುತ್ತಿದ್ದವು. ಕಂಡಕ್ಟರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ.

"ಏನವಾ ತಂಗಿ, ನಿನ್ನ ಬುತ್ತಿ ತಾನಾ ನಡಕೋತ ಹೊಂಟದಲ್ಲ!"

ಇದನ್ನು ಹೇಳಿದಾಗ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎರಡೇ ಎರಡು ಹುಳು ಆರಿಸಿಕೊಂಡರು. ಕೊಯ್ಯಲೆಂದು ಬಿಸಿನೀರಿಗೆ ಬಿಡುವ ಮೊದಲು ಮನೆಮಾತಾದ ಮರಾಠಿಯಲ್ಲಿ ಅವುಗಳ ಹತ್ತಿರ ಏನೋ ಮೆಲ್ಲಗೆ ಅಂದರು. ಕ್ಷಮೆ ಕೇಳುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಉಳಿದವನ್ನು ನೀರು ಚಿಮುಕಿಸಿ ಡಬ್ಬಿಗೆ ತುಂಬಿ ನನ್ನ ಕೈಗೇ ಕೊಟ್ಟರು. "ಸಂಜೀಕ ಯಾವ ಹಳ್ಳದಾಗ ಹಿಡದೀ ಅದೇ ಹಳ್ಳದಾಗ ಬಿಡು. ಬ್ಯಾರೆ ಕಡೆ ಬಿಟ್ಟೀ, ಅವಕ್ಕ ಊರು ತಿಳಿಯಂಗಿಲ್ಲ." ಮೂರು ವರ್ಷ ಹೀಗೆ ಹುಳುಗಳನ್ನು ಕರೆತಂದು ಮರಳಿ ಊರಿಗೆ ಮುಟ್ಟಿಸಿದ್ದೇನೆ.

ಪಾಠದಲ್ಲಿ ಅವರಿಗೆ ಭಯ-ಭಕ್ತಿ ಎರಡೂ ಇರಲಿಲ್ಲ. ಬಸವನಹುಳು ಎಳೆಯದಿದ್ದಾಗ ಅದರ ಒಳಗಿನ ಮೈ ಅರ್ಧ ಸುತ್ತು ತಿರುಚಿಕೊಳ್ಳುತ್ತದೆ. ಹಿಂದಿದ್ದ ಗುದದ್ವಾರ ಮುಂದಕ್ಕೆ, ತಲೆಯ ಮೇಲಕ್ಕೆ ಬಂದು ಕೂರುತ್ತದೆ. ಇದನ್ನು ಹೇಳುವಾಗ ನಾವು ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಳ್ಳುತ್ತಿದ್ದೆವು. "ನಗ್ರಿ, ನಗ್ರಿ. ನಿಸರ್ಗ ಎಲ್ಲಾ ಬರಾಬರ್ ಮಾಡೇದ ಅಂತ ಯಾರರ ಹೇಳಿದ್ರ ಈ ಹುಳಾ ತೋರಸ್ರಿ" ಎನ್ನುತ್ತಿದ್ದರು. ಅದೇ ಹುಳುವಿನ ಬಲಕ್ಕೆ ಕಿವಿರು, ಎಡಕ್ಕೆ ಪುಪ್ಪುಸದ ಚೀಲ ತೋರಿಸಿ, "ನೀರಿದ್ದಾಗ ಇದು, ನೀರಿಲ್ಲದಾಗ ಅದು. ಬ್ಯಾಸಿಗಿ ಬಂತು ಅಂದ್ರ ಚಿಪ್ಪಿನ ಬಾಗಲಾ ಹಾಕ್ಕೊಂಡು ಕೆಸರಾಗ ಮಕ್ಕೊಂಡುಬಿಡ್ತದ. ನಮ್ಮ ಬಿಸಲಾಗ ನಮಗೂ ಹಂಗ ಬಾಗಲಾ ಇದ್ದಿದ್ರ ಏನ್ ಛಲೋ ಇತ್ತು!" ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಅವರ ಕಡು ಪ್ರೀತಿ ಮಾತ್ರ ಸಮುದ್ರದ ಜೀವಿಗಳ ಮೇಲಿತ್ತು. ಸಮುದ್ರ ನಮಗೆಲ್ಲಿ? ಕಲಬುರಗಿಯ ಪಾಲಿಗೆ ಸಮುದ್ರವೆಂದರೆ ಸೇಡಂ ರಸ್ತೆಯ ನಮ್ಮ ಕಾಲೇಜಿನ ಲ್ಯಾಬಿನ ಕಪಾಟಿನಲ್ಲಿ, ಔಷಧದ ನೀರಲ್ಲಿ ಸತ್ತ ಜೀವಿಗಳನ್ನು ಇಳಿಬಿಟ್ಟಿದ್ದ ಒಂದು ಸಾಲು ಗಾಜಿನ ಬಾಟಲಿ. ಅದರಲ್ಲಿ ನಕ್ಷತ್ರಮೀನಿನ ಬಾಟಲಿ ಒಂದೇ ಒಂದು. ಆ ನಕ್ಷತ್ರಮೀನಿಗೆ ನಾಲ್ಕು ತೋಳು ಪೂರಾ ಇದ್ದವು, ಐದನೆಯದು ಅರ್ಧ. ಪುಸ್ತಕದ ಚಿತ್ರದಲ್ಲಿ ಐದೂ ಸಮ. ಆದರೆ ಮೇಡಂ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಕಣ್ಣಿಗೆ ಕಂಡದ್ದರ ಚಿತ್ರಾ ತೆಗೀರಿ. ಪುಸ್ತಕ ನೋಡಿ ತೆಗಿಯೋದಾದ್ರ ಈ ಪ್ರಾಣಿ ಯಾಕ ಸಾಯಬೇಕಿತ್ತು?" ಹಾಗಾಗಿ ನಮ್ಮ ಕಾಲೇಜಿನ ಎಲ್ಲ ರೆಕಾರ್ಡ್ ಬುಕ್ಕುಗಳಲ್ಲೂ, ನಮ್ಮ ಹಿಂದಿನವರ ಬುಕ್ಕುಗಳಲ್ಲೂ ನಕ್ಷತ್ರಮೀನಿಗೆ ನಾಲ್ಕೂವರೆ ತೋಳೇ ಇದ್ದವು. ಪುಸ್ತಕದ ಚಿತ್ರವೇ ತಪ್ಪು, ಜಗತ್ತಿನ ನಕ್ಷತ್ರಮೀನುಗಳೆಲ್ಲ ಹೀಗೇ ಇರುತ್ತವೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದರು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಎಂ.ಎಸ್ಸಿ. ಸೀಟು ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಒಂದೊಂದು ಅಂಕಕ್ಕೂ ನಾನು ಜೀವ ಹಿಡಿದು ಕೂತಿದ್ದೆ. ನಕ್ಷತ್ರಮೀನೇ ಬಂತು. ಪರೀಕ್ಷಕರು ಮುಂದಿನ ಬೆಂಚಿನವಳ ಹಾಳೆ ಎತ್ತಿ ನೋಡಿ ಜೋರಾಗಿ ನಕ್ಕರು. "ಈ ಕಾಲೇಜಿನ್ಯಾಗ ಐದು ಎಣಸಾಕ ಕಲಿಸಂಗಿಲ್ಲೇನ್ರಿ? ಮುರಕಾ ಸ್ಪೆಸಿಮೆನ್ ನೋಡಿ ಮುರಕಾ ಚಿತ್ರಾ!" ಎಂದು ಕೆಂಪು ಪೆನ್ನಿನಿಂದ ಅರ್ಧ ತೋಳನ್ನು ಸುತ್ತುಹಾಕಿದರು.

ನಾನೂ ಅಷ್ಟರಲ್ಲಿ ಅರ್ಧ ತೋಳೇ ಬಿಡಿಸಿದ್ದೆ. ರಬ್ಬರು ತೆಗೆದುಕೊಂಡೆ. ಅರ್ಧ ತೋಳನ್ನು ಅಳಿಸಿ, ಪುಸ್ತಕದಲ್ಲಿದ್ದಂತೆ ಐದನೆಯ ತೋಳನ್ನು ಉದ್ದಕ್ಕೆ ಎಳೆದೆ. ತಲೆ ಎತ್ತಿದರೆ ಪಕ್ಕದಲ್ಲಿ ಮೇಡಂ ನಿಂತಿದ್ದರು. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು.

"ರಬ್ಬರಿನ ಪುಡಿ ಊದು" ಎಂದಷ್ಟೇ ಹೇಳಿ ಮುಂದೆ ಹೋದರು.

ನಾವು ಹಾಳೆ ಕೊಟ್ಟು ಬಾಗಿಲಲ್ಲಿ ನಿಂತಿದ್ದಾಗ ಮೇಡಂ ಲ್ಯಾಬಿನ ಸಹಾಯಕ ಇಸ್ಮಾಯಿಲ್ ಭಾಯಿಗೆ ಹೇಳಿ ಬಾಟಲಿ ಬಿಚ್ಚಿಸಿದರು. ನಕ್ಷತ್ರಮೀನನ್ನು ಟ್ರೇಗೆ ಇಳಿಸಿ ತುರುಬಿನಿಂದ ಪಿನ್ನು ತೆಗೆದರು. "ಸರ್, ಹಿಂಗ ಬರ್ರಿ. ಮುರದದ್ದಾದ್ರ ತುದಿ ಮೊಂಡ ಇರ್ತಿತ್ತು. ಇದರ ತುದಿ ನೋಡ್ರಿ, ಎಷ್ಟು ಚೂಪದ. ಕೆಳಗ ಸಣ್ಣ ಸಣ್ಣ ಕೊಳವೆ ಪಾದ ಎರಡು ಸಾಲು. ತೋಳು ಹೋದ ಮ್ಯಾಲ ಅದಕ್ಕ ಮೊದಲ ತುದಿ ಬರ್ತದ್ರಿ, ಕಣ್ಣು ಸಮೇತ. ಉದ್ದ ಆಗೂದು ಆಮ್ಯಾಲ. ಇದು ಮುರದದ್ದಲ್ಲ, ಬೆಳಿಯೋದು. ನಮ್ಮ ಹುಡುಗ್ಯಾರು ಬೆಳಿಯೋ ತೋಳು ತಗದಾರ."

ಪರೀಕ್ಷಕರು ಕನ್ನಡಕ ಏರಿಸಿ ಬಹಳ ಹೊತ್ತು ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ; "ತಪ್ಪಾತ್ರಿ ಮೇಡಂ" ಎಂದು ಒಪ್ಪಿಕೊಂಡು ಎಲ್ಲರ ಅಂಕ ತಿದ್ದಿದರು. ಕಡೆಗೆ ನನ್ನ ಹಾಳೆ ಕೈಗೆ ಬಂತು. "ಇಕಿ ಯಾವ ನಕ್ಷತ್ರಮೀನು ನೋಡಿ ತಗದಾಳ್ರಿ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮೇಡಂ ಪಿನ್ನು ಒರೆಸುತ್ತ, ತಲೆ ಎತ್ತದೆ, "ಅಕಿ ಪುಸ್ತಕಾ ಛಲೋ ಓದ್ಯಾಳ್ರಿ. ಅಂಕ ಕಡಿಬ್ಯಾಡ್ರಿ" ಎಂದರು. ನನಗೆ ಸೀಟು ಸಿಕ್ಕಿತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲೇ ಇಲ್ಲ.

ಆಮೇಲೆ ನಾನು ಕಮಲಾಪುರದಲ್ಲೇ ಹೈಸ್ಕೂಲು ಟೀಚರಾದೆ. ಮೇಡಂ ನಿವೃತ್ತರಾದರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಕಲಬುರಗಿಯ ಜಗತ್ ಸರ್ಕಲ್ ಕಡೆ ಬಂದಾಗ ನಮ್ಮೂರ ಕೆಂಪು ಬಾಳೆಹಣ್ಣು ಮುಟ್ಟಿಸಿ ಬರುತ್ತಿದ್ದೆ. ಆ ದಿನದ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಅವರ ಮುಂದೆ ಕೂತಾಗಲೆಲ್ಲ ಅದನ್ನು ಹೇಳಬೇಕೆಂದುಕೊಂಡು, ಬಾಳೆಹಣ್ಣಿನ ಮಾತಾಡಿ ಎದ್ದು ಬರುತ್ತಿದ್ದೆ.

ಕಳೆದ ವರ್ಷ ಇಸ್ಮಾಯಿಲ್ ಭಾಯಿಯ ಫೋನು ಬಂತು. "ಬೇಟಿ, ಈಗ ಕೊಯ್ಯೋದು ಬಂದ್ ಆಗ್ಯಾದಲ್ಲ, ಎಲ್ಲಾ ಕಂಪ್ಯೂಟರ್‌ನಾಗ ತೋರಸ್ತಾರ. ಪುರಾನಾ ಬಾಟ್ಲಿ ಹೊರಗ ಇಟ್ಟಾರ, ಫೇಕೋ, ಒಗದುಬಿಡು ಬೋಲ್ಯಾರ. ಮೇಡಂ ಸಾಹೇಬ್ರ ಸಿತಾರಾ ಮಛ್ಲಿ ನಿನಗ ಬೇಕೇನು?" ಕಾಲೇಜಿನವರನ್ನು ಕೇಳಿ, ನಕ್ಷತ್ರಮೀನಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ನೇರ ಖೂಬಾ ಪ್ಲಾಟಿಗೆ ಹೋದೆ.

ಮೇಡಂ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಜಡ್ಡಿನಿಂದ ಮೈ ಇಳಿದುಹೋಗಿತ್ತು. ಕೂದಲನ್ನು ಗಿಡ್ಡ ಕತ್ತರಿಸಿದ್ದರು. ಹೊಸ್ತಿಲಲ್ಲಿ ನಿಂತ ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ಮುಖ ಅರಳಿತು. "ಅಯ್ಯ, ಇದಿನ್ನೂ ಅದ! ಒಳಗ ತರಬ್ಯಾಡ, ಪಡಸಾಲ್ಯಾಗ ಇಡು, ನಾನ ಬರ್ತೀನಿ" ಎಂದು ತಮ್ಮ ಸೊಸೆಯ ಕೈ ಹಿಡಿದು ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಅರ್ಧ ತೋಳನ್ನು ತೋರಿಸಲೆಂದು ಅವರ ಕೈ ತಾನಾಗಿ ತುರುಬಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳು ಬರೀ ಕತ್ತು ತಡವಿ ಕೆಳಗಿಳಿಯಿತು. ನಾನು ನನ್ನ ಜಡೆಯಿಂದ ಪಿನ್ನು ಕಿತ್ತು ಅವರ ಕೈಗೆ ಕೊಟ್ಟೆ.

ಆಗ ಹೇಳಿದೆ. "ಮೇಡಂ, ಅವತ್ತು ನಾ ರಬ್ಬರ್ ಹಚ್ಚಿದ್ದು ತಪ್ಪಾತ್ರಿ."

"ಗೊತ್ತದ. ಪುಡಿ ನಾನ ನೋಡಿದ್ದೆನಲ್ಲ."

"ಮತ್ತ ಯಾಕ್ರಿ ಬೈಲಿಲ್ಲ?"

"ಬೈದಿದ್ರ ಅತ್ತು ಮರತುಬಿಡ್ತಿದ್ದಿ. ಬೈಲಿಲ್ಲ, ಅದಕ್ಕ ಇಷ್ಟು ವರ್ಷ ನೆನಪಿಟ್ಟಿ" ಎಂದು ನಕ್ಕರು. "ಪೆನ್ಸಿಲ್ ಅದನ? ಈಗ ತೆಗಿ."

ನಲವತ್ತು ದಾಟಿದ ನಾನು ಪಡಸಾಲೆಯ ನೆಲದ ಮೇಲೆ ಕೂತು ನಾಲ್ಕೂವರೆ ತೋಳಿನ ನಕ್ಷತ್ರಮೀನು ಬಿಡಿಸಿದೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮೂಲೆಯಲ್ಲಿ ಒಂಬತ್ತು ಎಂದು ಬರೆದರು. ಹತ್ತಕ್ಕೆ ಒಂಬತ್ತು.

"ಇನ್ನೊಂದು ಎಲ್ಲಿ ಹೋತ್ರಿ ಮೇಡಂ?"

"ನೀರು ಒಳಗ ತಗೊಳ್ಳೋ ಜರಡಿ ಎಲ್ಲಿ ಹಾಕೀ? ತೋಳಿನ ಮ್ಯಾಲ. ಅದು ಎರಡು ತೋಳಿನ ನಡುವ ಇರ್ತದ. ತಿದ್ದಿಕೊಂಡು ಬಾ, ಕೊಡ್ತೀನಿ." ಹೊರಡುವಾಗ ಪಿನ್ನು ನನ್ನ ಕೈಗಿಟ್ಟರು. "ಇದು ಔಷಧದ ಬಾಟ್ಲಿ ಮುಟ್ಯಾದ, ಒಳಗ ಬ್ಯಾಡ. ಹೋಗ್ತ ಗ್ವಾಡಿ ಸಂದ್ಯಾಗ ಸಿಗಸು. ಮುಂದಿನ ಸಲ ಬಂದಾಗ ಬೇಕಾಗ್ತದ." ಗೇಟಿನ ಹತ್ತಿರ ನಿಂತು, ಹಳೆಯ ಸಂದಿ ಹುಡುಕಿ ಸಿಗಿಸಿದೆ.

ಆ ರಾತ್ರಿಯೇ ಜರಡಿಯನ್ನು ಸರಿಯಾದ ಜಾಗದಲ್ಲಿ ಹಾಕಿ ಹೊಸ ಹಾಳೆಯಲ್ಲಿ ಬಿಡಿಸಿಟ್ಟೆ. ಶಾಲೆ, ಪರೀಕ್ಷೆ, ಇಂದು ನಾಳೆ ಎನ್ನುತ್ತ ತಿಂಗಳು ಕಳೆಯಿತು. ಒಂದು ಮುಂಜಾನೆ ಮೇಡಂ ಹೋದರೆಂದು ಅವರ ಸೊಸೆ ಫೋನು ಮಾಡಿದರು. ಮೊದಲ ಬಸ್ಸು ಹಿಡಿದು ಹೋದೆ. ಹಾಳೆ ಚೀಲದಲ್ಲಿತ್ತು. ಯಾಕೆ ತಂದೆನೋ ನನಗೇ ಗೊತ್ತಿಲ್ಲ.

ಗೇಟಿನ ಮುಂದೆ ಜನ ನಿಂತಿದ್ದರು. ಹಳೆಯ ರೂಢಿಯಂತೆ ನನ್ನ ಕಣ್ಣು ಮೊದಲು ಗೋಡೆಗೆ ಹೋಯಿತು. ಸಂದಿಯಲ್ಲಿ ಪಿನ್ನು ಹಾಗೆಯೇ ಇತ್ತು, ಮೇಡಂ ಮನೆಯಲ್ಲಿದ್ದಾರೆ ಎಂಬಂತೆ.