ಸೆರಗಿನ ಗಂಟಿನಲ್ಲಿ ಫ್ಯೂಜು

ಹಿಪ್ಪರಗಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಬೈಕು ನಿಲ್ಲಿಸಿದ್ದೇನೆ. ಕಬ್ಬಿಗೆ ನೀರೆತ್ತುವ ಪೈಪಿನ ಬಾಯಿ ನದಿಯ ತಳದಲ್ಲಿ ಕಟ್ಟಿಕೊಂಡಿದೆ. ಮುಳುಗಿ ಅದನ್ನು ಬಿಡಿಸಲು ಯಮನಪ್ಪ ಬಂದಿದ್ದಾನೆ. ಅವನ ಹೆಂಡತಿ ಕಸ್ತೂರಿ ಆ ಪಂಪಿನದಷ್ಟೇ ಅಲ್ಲ, ಆಚೀಚಿನ ಪಂಪುಗಳ ಫ್ಯೂಜುಗಳನ್ನೂ ಕೀಳಿಸಿ ಸೆರಗಿನಲ್ಲಿ ಕಟ್ಟಿಕೊಂಡು ಕೂತಳು. ಗಂಡ ನೀರಿನಲ್ಲಿರುವಾಗ ಯಾರೂ ಮರೆತು ಪಂಪು ಶುರುಮಾಡಬಾರದು.

ಸಮುದ್ರದ ಹವಳ ನೋಡಿ ಬಂದ ಗತ್ತಿನಲ್ಲಿ ನನ್ನ ಈಜುಗನ್ನಡಕ ಕೊಡಹೋದೆ.

"ಬ್ಯಾಡ್ರಿ, ಕೆಳಗ ಬರೇ ಕತ್ತಲಿ. ನಾ ಕೈಯಿಂದನ ನೋಡ್ತೇನಿ," ಎಂದವನೇ ಮುಳುಗಿದ.

ಮೇಲೆದ್ದಾಗ ಅವನ ಕೈಯಲ್ಲಿ ಜೊಂಡಿನ ಮುದ್ದೆಯಿತ್ತು. "ಪೈಪ್ ಬಿಡ್ತು. ಬಾಜೂಕ ಕಲ್ಲಿಗೆ ಮೀನ ತತ್ತಿ ಇಟ್ಟೈತಿ. ಕೈ ಹೋದ್ರ ಬೆರಳಿಗೆ ಗುದ್ದತೈತಿ. ಪಂಪ್ ತತ್ತಿ ಎಳಕೊಂಡೀತು, ಆ ಕಲ್ಲ ಅತ್ಲಾಗ ಸರಿಸಿ ಬರ್ತೇನಿ."

ಗಾಜಿನೊಳಗಿಂದ ನಾನು ಕಂಡ ಒಂದು ಮೀನೂ ನನ್ನನ್ನು ಮುಟ್ಟಿರಲಿಲ್ಲ.

ಅವನು ಮತ್ತೆ ಮುಳುಗಿದ. ಪಂಪಿನ ಮಾಲಕರು ಕಸ್ತೂರಿಯ ಮುಂದೆ ಕೈಚಾಚಿದರು. "ಪೈಪ್ ಬಿಟ್ಟೈತೆಲ್ಲ, ಫ್ಯೂಜ್ ಕೊಡಬೇ. ಕರೆಂಟ್ ಹೋಗತೈತಿ."

ಕಸ್ತೂರಿ ಪಕ್ಕದಲ್ಲಿ ಮಡಚಿಟ್ಟ ಗಂಡನ ಅಂಗಿ ತೋರಿಸಿದಳು.

"ಅವರು ಇದನ್ನ ಹಾಕ್ಕೊಳ್ಳಲಿ, ಆಮ್ಯಾಲ ಕೊಡ್ತೇನ್ರಿ."