ಅರ್ಧ ಊಟಕ್ಕೆ ಎದ್ದವರ ತಟ್ಟೆ

ಪೆರ್ಲಿತಾಳ ಮನೆಯಲ್ಲಿ ಊಟದ ನಡುವೆ ಯಾರಾದರೂ ಎದ್ದು ಹೊರಟರೆ, ಕೂತವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಹೋದವರು ಸುಖವಾಗಿ ಮನೆ ಮುಟ್ಟಲಿ ಎಂದು ಫಿಲಿಪೀನ್ಸಿನಲ್ಲಿ ಅವಳ ಅಜ್ಜಿ ಕಲಿಸಿದ ಪಾಠ. ಅಮೆರಿಕದ ಕಡಲತಡಿಯ ಈ ಊರಿನಲ್ಲಿ ಅವಳು ಆರು ಮಂದಿ ಮುದುಕರನ್ನು ನೋಡಿಕೊಳ್ಳುವ ಮನೆ ನಡೆಸುತ್ತಾಳೆ. ಅವಳ ಹೆಸರಿನ ಲೈಸೆನ್ಸು ಗೋಡೆಯ ಮೇಲೆ, ಏಸುವಿನ ಪಟದ ಪಕ್ಕದಲ್ಲೇ ತೂಗುತ್ತದೆ. ಆರು ಮಂದಿಯಲ್ಲಿ ಒಬ್ಬ ಆರ್ನೆ. ಅವನ ಹೆಂಡತಿ ಸೊಲ್ವೈಗ್ ದಿನವೂ ಮಧ್ಯಾಹ್ನ ಬಂದು ಗಂಡನ ಜೊತೆ ಊಟಕ್ಕೆ ಕೂತು, ಬಸ್ಸು ತಪ್ಪೀತೆಂದು ಅರ್ಧಕ್ಕೇ ಎದ್ದು ಓಡುತ್ತಿದ್ದಳು. ಉಳಿದವರ ತಟ್ಟೆಗಳು ತಿರುಗುತ್ತಿದ್ದವು. ಮೊದಮೊದಲು ಮುದುಕಿ ನಕ್ಕಳು. ಆಮೇಲೆ ಬೇರೆಯವರು ಎದ್ದಾಗ ತಾನೂ ತಿರುಗಿಸತೊಡಗಿದಳು.

ಚಳಿಗಾಲದಲ್ಲಿ ಊರಿಗೆ ಕೆಟ್ಟ ಜ್ವರ ಬಂತು. ಅದರ ಬೆನ್ನಿಗೇ ಲೈಸೆನ್ಸಿದ್ದ ಮನೆಗಳಿಗೆಲ್ಲ ಆರೋಗ್ಯ ಕಚೇರಿಯ ಸೂಚನೆಗಳು. ಹೊರಗಿನವರು ಬರಕೂಡದು ಎಂದಿತು ಮೊದಲನೆಯದು. ಮಾಸ್ಕ್ ಹಾಕಿದರೆ ಅಂಗಳದ ತನಕ ಬರಬಹುದು ಎಂದಿತು ಎರಡನೆಯದು. ಮೂರನೆಯದು ಬಂದು, ಹಿಂದಿನದನ್ನು ಬಿಟ್ಟುಬಿಡಿ, ಕೊನೆಗಾಲ ಬಂದವರ ಹತ್ತಿರದವರನ್ನು ಮಾತ್ರ ಒಳಗೆ ಬಿಡಿ, ಕೊನೆಗಾಲ ಹೌದೋ ಅಲ್ಲವೋ ನರ್ಸನ್ನು ಕೇಳಿ ನೀವೇ ತೀರ್ಮಾನಿಸಿ ಎಂದಿತು. ಅವರೇನೋ ಹೇಳಿ ಕೈತೊಳೆದುಕೊಂಡರು, ಪಾಪ, ಅವರಿಗೂ ಜ್ವರದ ಗೊತ್ತುಗುರಿ ಸಿಕ್ಕಿರಲಿಲ್ಲ. ಪೆರ್ಲಿತಾ ಮೂರನ್ನೂ ಓದಿ ತಲೆ ಕೆಡಿಸಿಕೊಂಡು, ಕಡೆಯದನ್ನು ಬಾಗಿಲಿಗೆ ಅಂಟಿಸಿದಳು.

ಸೊಲ್ವೈಗ್ ಕಿಟಕಿಯಾಚೆ ಕುರ್ಚಿ ಹಾಕಿಕೊಂಡು ಕೂರತೊಡಗಿದಳು.

"ಒಂದೇ ಒಂದ್ಸಲ ಒಳಗ್ ಬಿಡೇ ಪೆರ್ಲಿತಾ. ಅವರ ಕೈ ಹಿಡ್ಕೊಂಡು ಎದ್ದು ಬಂದ್ಬಿಡ್ತೀನಿ."

"ನನ್ನ ಲೈಸೆನ್ಸ್ ಹೋಗುತ್ತೆ ಲೋಲಾ. ಆಮೇಲೆ ಇವರೆಲ್ಲ ಎಲ್ಲಿಗ್ ಹೋಗ್ಬೇಕು?" ಲೋಲಾ ಎಂದರೆ ಪೆರ್ಲಿತಾಳ ಮಾತಿನಲ್ಲಿ ಅಜ್ಜಿ, ಲೋಲೋ ಎಂದರೆ ಅಜ್ಜ.

ಒಂದು ಬೆಳಿಗ್ಗೆ ಆರ್ನೆಗೆ ಶುಂಠಿ ಗಂಜಿ ತಿನ್ನಿಸುತ್ತಿದ್ದ ಪೆರ್ಲಿತಾಳ ತಂಗಿ ಜೋಸೆಲ್ ಕೂಗಿದಳು. "ಅಕ್ಕಾ, ಲೋಲೋ ಬಾಯಲ್ಲೇ ಇಟ್ಕೊಂಡಿದಾರೆ, ನುಂಗ್ತಿಲ್ಲ."

ನರ್ಸು ಬಂದು ನೋಡಿದಳು. "ಈ ವಾರವೇ ಆಗ್ಬಹುದು. ಇಲ್ಲಾ, ಬೇಸಿಗೆ ಕಂಡ್ರೂ ಕಂಡಾರು," ಎಂದು ಚೀಲ ಎತ್ತಿಕೊಂಡು ನಡೆದಳು.

"ಕೊನೆಗಾಲ ಅಂತ ಹೇಳಿ ಲೋಲಾನ ಕರೆದ್ಬಿಡು," ಎಂದಳು ಜೋಸೆಲ್.

"ಬಾಯ್ಮುಚ್ಚೇ. ಸಾವನ್ನ ಹೆಸರು ಹಿಡಿದು ಕರೆದ್ರೆ ಓಗೊಟ್ಟು ಬರುತ್ತೆ."

"ಕರೀದಿದ್ರೆ ಬರಲ್ವಾ?"

ಪೆರ್ಲಿತಾಳಿಗೆ ಅತ್ತ ದರಿ ಇತ್ತ ಪುಲಿ. ಹೇಳಿದರೆ ಮುದುಕನನ್ನು ತಾನೇ ಕಳಿಸಿಕೊಟ್ಟಂತೆ. ಹೇಳದಿದ್ದರೆ ಅವನು ಹೆಂಡತಿಯ ಕೈ ಸಿಗದೆ ಒಂಟಿಯಾಗಿ ಹೊರಟಾನು. ಬೇಸಿಗೆ ಕಂಡನೋ, ಸುಳ್ಳು ಹೇಳಿ ಬಾಗಿಲು ತೆಗೆದಳೆಂದು ಲೈಸೆನ್ಸು ಹೋದೀತು. ಅಡಿಗೆಮನೆಯಲ್ಲಿ ನಿಂತು ಅವಳು ಸುಮ್ಮನೆ ಅತ್ತಳು. ಕಡೆಗೆ ಫೋನು ಎತ್ತಿಕೊಂಡಾಗ ಬಾಯಿಗೆ ಬಂದದ್ದು ಇಷ್ಟೇ. "ಲೋಲಾ, ಊಟಕ್ಕೆ ಬನ್ನಿ."

ಸೊಲ್ವೈಗ್ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಪೆರ್ಲಿತಾ ಬಾಗಿಲು ಅಗಲವಾಗಿ ತೆಗೆದಳು. ಇಷ್ಟು ದಿನ ಅಂಗಲಾಚಿದ್ದ ಮುದುಕಿ ಒಳಗೆ ಕಾಲಿಡದೆ ಬಾಗಿಲ ಮೇಲಿನ ಕಾಗದವನ್ನೇ ನೋಡುತ್ತ ನಿಂತಳು.

"ಎಲ್ಲರನ್ನೂ ಬಿಡ್ತಿದೀಯಾ, ನನ್ನೊಬ್ಬಳನ್ನೇನಾ?"

"ಗಂಜಿ ಆರಿಹೋಗುತ್ತೆ ಲೋಲಾ," ಎಂದಳು ಪೆರ್ಲಿತಾ.

ಮಂಚದ ಪಕ್ಕ ಗಂಡ ಹೆಂಡತಿಗೂ ಪೆರ್ಲಿತಾಳಿಗೂ ಜೋಸೆಲ್ ತಟ್ಟೆ ಹಾಕಿದಳು. ಹೆಂಡತಿಯ ಕೈಯ ಮೊದಲ ಚಮಚವನ್ನು ಆರ್ನೆ ನುಂಗಿಯೇಬಿಟ್ಟ. ಪೆರ್ಲಿತಾ ಬಾಗಿಲಿನತ್ತ ತಿರುಗಿ ನೋಡಿದಳು. ಹಾಗಾದರೆ ತಾನು ಅವಸರಪಟ್ಟೆನೋ? ಸಂತೋಷಪಡಬೇಕೋ ಹೆದರಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನೆಯ ಚಮಚಕ್ಕೆ ಅವನು ಮುಖ ಆಚೆ ಹೊರಳಿಸಿ, ಹೆಂಡತಿಯ ಕೈ ಹಿಡಿದು ಕಣ್ಣು ಮುಚ್ಚಿದ. ಉಸಿರು ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು.

"ಇನ್ನೊಂದ್ ತುತ್ತು ಕೊಡಿ ಲೋಲಾ, ತಿಂತಾರೆ," ಎಂದಳು ಪೆರ್ಲಿತಾ.

ಸೊಲ್ವೈಗ್ ಚಮಚ ಕೆಳಗಿಟ್ಟಳು. ಗಂಡನ ಕೈ ಬಿಡದೆ, ಇನ್ನೊಂದು ಕೈಯಿಂದ ತನ್ನ ತಟ್ಟೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಪೆರ್ಲಿತಾಳೂ ತಿರುಗಿಸಿದಳು.